'ನಾಟ್ ಡಿಟೆಕ್ಟೆಡ್' ಬಂದ ಮೇಲೆ: ಹೆಪಟೈಟಿಸ್ ಸಿ ಸಿರೋಸಿಸ್‌ನ ಮುಂದಿನ ವರ್ಷಗಳು

(ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ಸಾರ್ವಜನಿಕರಿಗಾಗಿ ಕನ್ನಡದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನು ಕೊನೆಯಲ್ಲಿ ಸೇರಿಸಿದೆ.)

ಲ್ಯಾಬಿನಿಂದ ಬರುವ ಒಂದು ಹಾಳೆಯಿಂದ ಶುರು ಮಾಡೋಣ. ಮೂರು ತಿಂಗಳು ಮಾತ್ರೆ ನುಂಗಿ, ಮತ್ತೆ ಮೂರು ತಿಂಗಳು ಕಾದು, ರಕ್ತ ಕೊಟ್ಟು ಬಂದವರ ಕೈಗೆ ಅದು ಸಿಗುತ್ತದೆ. 'ಎಚ್‌ಸಿವಿ ಆರ್‌ಎನ್‌ಎ: ನಾಟ್ ಡಿಟೆಕ್ಟೆಡ್' ಎಂದಿರುತ್ತದೆ. ಅಂದರೆ ರಕ್ತದಲ್ಲಿ ಹೆಪಟೈಟಿಸ್ ಸಿ ವೈರಸ್ ಇಲ್ಲ. ಮನೆಯವರು ಹರಕೆ ತೀರಿಸುತ್ತಾರೆ, ಫೈಲು ಕಪಾಟಿನ ಮೇಲೆ ಹೋಗುತ್ತದೆ. ಸಿರೋಸಿಸ್ (ಲಿವರ್ ಗಾಯದ ಗುರುತುಗಳಿಂದ ತುಂಬಿ ಗಟ್ಟಿಯಾಗುವುದು) ಆಗುವ ಮೊದಲೇ ಚಿಕಿತ್ಸೆ ಮುಗಿಸಿದವರ ಫೈಲು ಅಲ್ಲಿಗೆ ಹೋದರೆ ತೊಂದರೆಯಿಲ್ಲ. ಸಿರೋಸಿಸ್ ಆದಮೇಲೆ ಮದ್ದು ತೆಗೆದುಕೊಂಡವರ ಫೈಲು ಮಾತ್ರ ಕೈಗೆ ಸಿಗುವ ಜಾಗದಲ್ಲೇ ಇರಬೇಕು. ಇವತ್ತಿನ ಮಾತು ಆ ಎರಡನೆಯವರ ಬಗ್ಗೆ.

ನಮ್ಮ ಕಡೆ ಲಿವರಿನ ಕಾಯಿಲೆ ಎಂದರೆ ಎಲ್ಲರ ಬಾಯಲ್ಲಿ ಬರುವುದು ಅರಸಿನ ಕಾಮಾಲೆ, ಮಲಯಾಳದಲ್ಲಿ ಹೇಳುವ ಮಂಞಪಿತ್ತ. ಕೆಟ್ಟ ನೀರಿನಿಂದ ಊರಿಗೆ ಊರೇ ಹಬ್ಬುವುದು ಸಾಮಾನ್ಯವಾಗಿ ಹೆಪಟೈಟಿಸ್ ಎ. ಕಣ್ಣು ಹಳದಿಯಾಗುತ್ತದೆ, ವಾಕರಿಕೆ ಬರುತ್ತದೆ, ಬಹುತೇಕರಿಗೆ ಕೆಲವು ವಾರಗಳಲ್ಲಿ ಗುಣವಾಗುತ್ತದೆ. ಸಿ ಬರುವುದು ರಕ್ತದ ದಾರಿಯಲ್ಲಿ: ಪರೀಕ್ಷೆ ಇಲ್ಲದ ಕಾಲದಲ್ಲಿ ಕೊಡಿಸಿಕೊಂಡ ರಕ್ತ, ಸರಿಯಾಗಿ ಕುದಿಸದ ಸಿರಿಂಜು, ಡಯಾಲಿಸಿಸ್, ಹಚ್ಚೆ, ಹಂಚಿಕೊಂಡ ಸೂಜಿ. ಕಣ್ಣು ಹಳದಿಯಾಗುವುದೇ ಅಪರೂಪ. ಸೋಂಕು ತಗಲಿದ ನೂರು ಮಂದಿಯಲ್ಲಿ ಸುಮಾರು ಮೂವತ್ತು ಮಂದಿ ಆರು ತಿಂಗಳೊಳಗೆ ಮದ್ದಿಲ್ಲದೆ ಅದನ್ನು ಕಳೆದುಕೊಳ್ಳುತ್ತಾರೆ. ಉಳಿದ ಎಪ್ಪತ್ತು ಮಂದಿಯಲ್ಲಿ ಅದು ಸದ್ದಿಲ್ಲದೆ ಕೂರುತ್ತದೆ. ಹೀಗೆ ಉಳಿದವರಲ್ಲಿ ಶೇಕಡಾ 15ರಿಂದ 30ರಷ್ಟು ಜನರಿಗೆ ಇಪ್ಪತ್ತು ವರ್ಷದೊಳಗೆ ಸಿರೋಸಿಸ್ ಆಗುತ್ತದೆ. ಈ ವೈರಸ್ ಗುರುತಿಗೆ ಸಿಕ್ಕಿದ್ದೇ 1989ರಲ್ಲಿ. ಅಲ್ಲಿಯವರೆಗೆ ವೈದ್ಯರು ಇದನ್ನು 'ಎ ಅಲ್ಲ, ಬಿ ಅಲ್ಲ' ಎಂದೇ ಕರೆಯುತ್ತಿದ್ದರು. ಕಂಡುಹಿಡಿದ ಕೆಲಸಕ್ಕೆ ಹಾರ್ವೆ ಆಲ್ಟರ್, ಮೈಕಲ್ ಹೌಟನ್, ಚಾರ್ಲ್ಸ್ ರೈಸ್ ಅವರಿಗೆ ನೊಬೆಲ್ ಬಂದದ್ದು 2020ರಲ್ಲಿ.

ಹೆಪಟೈಟಿಸ್ ಬಿ ವೈರಸ್ ನಮ್ಮ ಜೀವಕೋಶದ ಬೀಜದೊಳಗೆ ನೆಲೆಯೂರುತ್ತದೆ, ಅದನ್ನು ಪೂರ್ತಿ ಕಿತ್ತುಹಾಕುವುದು ಬಹಳ ಕಷ್ಟ. ಸಿ ಆರ್‌ಎನ್‌ಎ ವೈರಸ್. ಬೀಜದೊಳಗೆ ಹೋಗುವುದಿಲ್ಲ. ತನ್ನ ಪ್ರತಿ ತಾನೇ ಮಾಡಿಕೊಳ್ಳುವುದನ್ನು ತಡೆದರೆ ಹುಟ್ಟಡಗುತ್ತದೆ. ಆದ್ದರಿಂದ ಇದು ಗುಣವಾಗುವ ಸೋಂಕು. ಮದ್ದು ಮುಗಿದು 12 ವಾರ ಕಳೆದ ಮೇಲೂ ವೈರಸ್ ಕಾಣದಿದ್ದರೆ ಗುಣವಾಯಿತು ಎಂದೇ ಲೆಕ್ಕ. ಆಮೇಲೆ ಅದೇ ವೈರಸ್ ಮರಳುವುದು ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ ಜನರಲ್ಲಿ. ಮದ್ದು ಮುಗಿದ ದಿನವೇ ಮಾಡಿಸಿದ ಪರೀಕ್ಷೆಗೆ ಈ ಬೆಲೆ ಇಲ್ಲ. ಮರುಕಳಿಸುವವರಿಗೆ ಸಾಮಾನ್ಯವಾಗಿ ಮರುಕಳಿಸುವುದು ಈ 12 ವಾರದೊಳಗೇ. ಜನ ತಪ್ಪಿಸುವ ಪರೀಕ್ಷೆ ಯಾವುದೆಂದರೆ ಇದೇ. ಮಾತ್ರೆ ಮುಗಿಯಿತು, ಮೈ ಹಗುರಾಯಿತು, ಇನ್ನು ಯಾರು ಬಸ್ಸು ಹತ್ತುತ್ತಾರೆ?

ಸಿರೋಸಿಸ್ ಇದೆಯೋ ಇಲ್ಲವೋ ಎಂದು ಮದ್ದು ಶುರುವಾಗುವ ಮೊದಲೇ ತಿಳಿಯಬೇಕು. ಅದಕ್ಕೆ ಸೂಜಿ ಹಾಕಿ ಲಿವರಿನ ಚೂರು ತೆಗೆಯುವ ಅಗತ್ಯ ಈಗ ಹೆಚ್ಚಿನವರಿಗೆ ಇಲ್ಲ. ಎಲ್ಲ ಕಡೆ ಸಿಗುವ ಎರಡು ರಕ್ತಪರೀಕ್ಷೆ ಸಾಕು: ಲಿವರ್ ಫಂಕ್ಷನ್ ಮತ್ತು ಪ್ಲೇಟ್‌ಲೆಟ್. ಮನೆಯಲ್ಲೇ ಮಾಡಬಹುದಾದ ಲೆಕ್ಕ ಒಂದನ್ನು ನೋಡಿ. ವಯಸ್ಸು 58, ಲಿವರ್ ಫಂಕ್ಷನ್ ರಿಪೋರ್ಟಿನಲ್ಲಿ ಬರುವ ಎಎಸ್‌ಟಿ 84, ಎಎಲ್‌ಟಿ 64, ಪ್ಲೇಟ್‌ಲೆಟ್ 95 ಸಾವಿರ ಎಂದಿಟ್ಟುಕೊಳ್ಳಿ. 58ನ್ನು 84ರಿಂದ ಗುಣಿಸಿದರೆ 4872. ಎಎಲ್‌ಟಿ 64ರ ವರ್ಗಮೂಲ 8, ಅದನ್ನು 95ರಿಂದ ಗುಣಿಸಿದರೆ 760. ಮೊದಲಿನದನ್ನು ಎರಡನೆಯದರಿಂದ ಭಾಗಿಸಿದಾಗ 6.4 ಬರುತ್ತದೆ. ಇದಕ್ಕೆ ಫಿಬ್-4 ಎಂದು ಹೆಸರು. 3.25 ದಾಟಿದರೆ ಲಿವರಿನಲ್ಲಿ ಗಾಯದ ಗುರುತು ಬಹಳ ಮುಂದುವರಿದಿದೆ ಎಂದರ್ಥ. ಇನ್ನೊಂದು ಲೆಕ್ಕ ಎಪಿಆರ್‌ಐ. ಎಎಸ್‌ಟಿಯನ್ನು ಲ್ಯಾಬಿನವರು ಬರೆದ ಗರಿಷ್ಠ ಮಿತಿಯಿಂದ, ಅಂದರೆ 40 ಎಂದಿದ್ದರೆ 40ರಿಂದ, ಭಾಗಿಸಿ, 2.1 ಬಂತು. ಅದನ್ನು 95ರಿಂದ ಭಾಗಿಸಿ ನೂರರಿಂದ ಗುಣಿಸಿದರೆ 2.2. ಎರಡು ಮುಟ್ಟಿದರೆ ಸಿರೋಸಿಸ್ ಇದೆಯೆಂದೇ ಹಿಡಿಯುತ್ತಾರೆ. ಫೈಬ್ರೊಸ್ಕ್ಯಾನ್ ಸಿಗುವಲ್ಲಿ ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ನೇರವಾಗಿ ಅಳೆಯಬಹುದು. 12.5 ಕಿಲೋಪಾಸ್ಕಲ್ ದಾಟಿದರೆ ಸಿರೋಸಿಸ್.

ಈ ಅಂಕಿಗಳನ್ನು ಫೈಲಿನ ಮೊದಲ ಪುಟದಲ್ಲೇ ಬರೆದಿಡಿ. ಯಾಕೆಂದು ಮುಂದೆ ಹೇಳುತ್ತೇನೆ.

ಮದ್ದಿನ ವಿಷಯ. ಒಂದು ಕಾಲದಲ್ಲಿ ಇಂಟರ್‌ಫೆರಾನ್ ಚುಚ್ಚುಮದ್ದು, ಜೊತೆಗೆ ರಿಬಾವಿರಿನ್, 24ರಿಂದ 48 ವಾರ. ಜ್ವರ, ಮೈಕೈ ನೋವು, ಖಿನ್ನತೆ. ಇಷ್ಟೆಲ್ಲ ಸಹಿಸಿದರೂ ಸಿರೋಸಿಸ್ ಆದವರಲ್ಲಿ ಗುಣವಾಗುತ್ತಿದ್ದವರು ಕಡಿಮೆ. ಹೊಟ್ಟೆಯಲ್ಲಿ ನೀರು ತುಂಬಿದವರಿಗೆ ಕೊಡುವಂತೆಯೇ ಇರಲಿಲ್ಲ. 2013ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಸೊಫೊಸ್ಬುವಿರ್‌ಗೆ ಒಪ್ಪಿಗೆ ಸಿಕ್ಕಿತು. 2015ರಿಂದ ಭಾರತದ ಕಂಪೆನಿಗಳೇ ಅದನ್ನು ಕಡಿಮೆ ಬೆಲೆಗೆ ಮಾಡತೊಡಗಿದವು. 2018ರ ಜುಲೈ 28ರಂದು ಕೇಂದ್ರ ಸರಕಾರದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ಅದರಡಿ ಪರೀಕ್ಷೆಯೂ ಮದ್ದೂ ಉಚಿತ. ಗಡಿಯ ಈಚೆಗೂ ಆಚೆಗೂ ಇದು ಒಂದೇ ಕಾರ್ಯಕ್ರಮ, ಒಂದೇ ಮದ್ದು. ಮಂಗಳೂರಿನಲ್ಲಿ ತೋರಿಸಿದರೂ ಇಲ್ಲೇ ಜಿಲ್ಲೆಯೊಳಗೆ ತೋರಿಸಿದರೂ ಚೀಟಿಯಲ್ಲಿ ಬರುವುದು ಅದೇ ಹೆಸರು.

ಸಿರೋಸಿಸ್ ಇಲ್ಲದವರಿಗೆ ಸೊಫೊಸ್ಬುವಿರ್ 400 ಮಿಲಿಗ್ರಾಂ, ಡಕ್ಲಾಟಾಸ್ವಿರ್ 60 ಮಿಲಿಗ್ರಾಂ, 12 ವಾರ. ಸಿರೋಸಿಸ್ ಇದ್ದೂ ಹೊಟ್ಟೆನೀರು, ರಕ್ತವಾಂತಿ, ಮಂಪರು ಯಾವುದೂ ಇಲ್ಲದವರಿಗೆ ಸೊಫೊಸ್ಬುವಿರ್ 400, ವೆಲ್ಪಟಾಸ್ವಿರ್ 100 ಸೇರಿದ ಒಂದೇ ಮಾತ್ರೆ, ದಿನಕ್ಕೊಂದರಂತೆ 12 ವಾರ. 28ರ ಮೂರು ಡಬ್ಬಿ, ಒಟ್ಟು 84 ಮಾತ್ರೆ. ಈ ತೊಂದರೆಗಳು ಬಂದಾಗಿದ್ದರೆ ಅದೇ ಮಾತ್ರೆಯ ಜೊತೆ ತೂಕ ನೋಡಿ ರಿಬಾವಿರಿನ್. ರಿಬಾವಿರಿನ್ ಆಗಿಬರದವರಿಗೆ ಅದೊಂದೇ ಮಾತ್ರೆ 24 ವಾರ. ಈ ಮೂರನೆಯ ಗುಂಪಿನ ಮೇಲೆ ನಡೆದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಮಾತ್ರೆಯೊಂದನ್ನೇ 12 ವಾರ ತೆಗೆದುಕೊಂಡವರಲ್ಲಿ ಶೇಕಡಾ 83, ರಿಬಾವಿರಿನ್ ಸೇರಿಸಿದವರಲ್ಲಿ ಶೇಕಡಾ 94 ಜನರಿಗೆ ವೈರಸ್ ಹೋಯಿತು. 'ಪ್ರೊಟಿಯೇಸ್ ತಡೆ' ಜಾತಿಯ ಮದ್ದುಗಳಿವೆ, ಗ್ಲೆಕಾಪ್ರೆವಿರ್, ವೊಕ್ಸಿಲಾಪ್ರೆವಿರ್ ಮುಂತಾದವು. ಲಿವರ್ ಸೋತವರಿಗೆ ಅವು ಸಲ್ಲವು. ಮದ್ದಿನ ಮಟ್ಟ ರಕ್ತದಲ್ಲಿ ಏರಿ, ಸೋತ ಲಿವರನ್ನು ಇನ್ನಷ್ಟು ಸೋಲಿಸುತ್ತದೆ.

84 ಮಾತ್ರೆಯಲ್ಲಿ ಕೆಡುವುದು ಎಲ್ಲಿ? ಮೊದಲನೆಯದು ಗ್ಯಾಸಿನ ಮಾತ್ರೆ. ವೆಲ್ಪಟಾಸ್ವಿರ್ ಕರಗಲು ಹೊಟ್ಟೆಯಲ್ಲಿ ಆಮ್ಲ ಬೇಕು. ನಮ್ಮಲ್ಲಿ ಪಾಂಟೊಪ್ರಜೋಲ್, ಒಮೆಪ್ರಜೋಲ್ ಬೆಳಗ್ಗೆ ಎದ್ದ ಕೂಡಲೇ ನುಂಗುವವರು ಮನೆಗೊಬ್ಬರು. ಚೀಟಿಯಲ್ಲಿ ಇರುವುದಿಲ್ಲ, ಕೇಳಿದರೂ 'ಅದು ಮದ್ದಲ್ಲವಲ್ಲ, ಗ್ಯಾಸಿಗೆ' ಎನ್ನುತ್ತಾರೆ. ಆಮ್ಲ ಕಡಿಮೆಯಾದರೆ ಮಾತ್ರೆ ಹೊಟ್ಟೆಗೆ ಹೋಗಿಯೂ ರಕ್ತಕ್ಕೆ ಸೇರುವುದಿಲ್ಲ. ಆಗುವುದಾದರೆ ಮೂರು ತಿಂಗಳು ನಿಲ್ಲಿಸಬೇಕು. ಬಿಡಲೇಬಾರದ ಕಾರಣವಿದ್ದರೆ ವೈರಸ್ಸಿನ ಮಾತ್ರೆಯನ್ನು ಊಟದ ಜೊತೆ ಮೊದಲು ತೆಗೆದುಕೊಂಡು, ನಾಲ್ಕು ಗಂಟೆಯ ನಂತರ ಒಮೆಪ್ರಜೋಲ್ 20 ಮಿಲಿಗ್ರಾಂ, ಅದಕ್ಕಿಂತ ಹೆಚ್ಚಿಲ್ಲ. ಬಾಟಲಿಯ ಆಂಟಾಸಿಡ್‌ಗೂ ನಾಲ್ಕು ಗಂಟೆ ಅಂತರ ಬೇಕು. ಕ್ಷಯದ ರಿಫಾಂಪಿಸಿನ್, ಅಪಸ್ಮಾರದ ಫೆನಿಟೊಯಿನ್ ಮತ್ತು ಕಾರ್ಬಮಜೆಪಿನ್ ಈ ಮದ್ದನ್ನು ದೇಹದಿಂದ ಬೇಗ ಹೊರಹಾಕಿಸುತ್ತವೆ, ಜೊತೆಯಲ್ಲಿ ಕೂಡದು. ಹೃದಯಬಡಿತಕ್ಕೆ ಅಮಿಯೊಡರೋನ್ ತೆಗೆದುಕೊಳ್ಳುವವರಲ್ಲಿ ಸೊಫೊಸ್ಬುವಿರ್ ಸೇರಿದರೆ ಬಡಿತ ಅಪಾಯಕಾರಿಯಾಗಿ ನಿಧಾನವಾಗಬಹುದು. 2015ರಲ್ಲೇ ಅಮೆರಿಕದ ಔಷಧ ನಿಯಂತ್ರಕರು ಎಚ್ಚರಿಸಿದ್ದಾರೆ. ರಿಬಾವಿರಿನ್ ರಕ್ತದ ಕೆಂಪುಕಣ ಒಡೆಯುತ್ತದೆ, ಹೀಗಾಗಿ ಎರಡನೆಯ, ನಾಲ್ಕನೆಯ ವಾರ ಹಿಮೋಗ್ಲೋಬಿನ್ ನೋಡಲೇಬೇಕು. ಗಂಡ ತೆಗೆದುಕೊಳ್ಳಲಿ ಹೆಂಡತಿ ತೆಗೆದುಕೊಳ್ಳಲಿ, ಮುಗಿದು ಆರು ತಿಂಗಳವರೆಗೆ ಗರ್ಭ ನಿಲ್ಲಬಾರದು.

ಇನ್ನೊಂದು ಮರೆತುಹೋಗುವ ಸಂಗತಿ ಹೆಪಟೈಟಿಸ್ ಬಿ. ಎರಡೂ ಇರುವವರಲ್ಲಿ ಸಿ ಇರುವಷ್ಟು ಕಾಲ ಬಿ ತಗ್ಗಿಕೊಂಡಿರುತ್ತದೆ. ಸಿ ಹೋದದ್ದೇ ತಡ, ಬಿ ತಲೆ ಎತ್ತಿ ಲಿವರನ್ನೇ ಕೆಡಿಸಿದ್ದುಂಟು. ಮದ್ದು ಶುರುವಾಗುವ ಮೊದಲು ಬಿ ಪರೀಕ್ಷೆ ಆಗಿದೆಯೇ ಎಂದು ನೀವೇ ಕೇಳಿ. ಸಕ್ಕರೆ ಕಾಯಿಲೆಯವರು ಸಕ್ಕರೆ ಹೆಚ್ಚು ಸಲ ನೋಡಿಕೊಳ್ಳಬೇಕು. ವೈರಸ್ ಇಳಿದಂತೆ ಸಕ್ಕರೆಯೂ ಇಳಿಯುವುದರಿಂದ ಹಳೆಯ ಪ್ರಮಾಣದ ಮದ್ದೇ ಅತಿಯಾಗಿ ತಲೆ ಸುತ್ತಿ ಬೀಳುವುದುಂಟು.

ಈಗ ವರ್ಷಗಳ ಲೆಕ್ಕಕ್ಕೆ ಬರೋಣ. ಚಿಕಿತ್ಸೆಯಿಂದ ಆಯುಸ್ಸು ಹೆಚ್ಚುತ್ತದೆಯೇ? ಹೌದು, ಮತ್ತು ಸಣ್ಣ ಮಟ್ಟಿಗಲ್ಲ. ಯುರೋಪು ಮತ್ತು ಕೆನಡಾದ ಐದು ಆಸ್ಪತ್ರೆಗಳಲ್ಲಿ ಇಂಟರ್‌ಫೆರಾನ್ ಕಾಲದ 530 ರೋಗಿಗಳನ್ನು, ಎಲ್ಲರೂ ಸಿರೋಸಿಸ್ ಅಥವಾ ಅದರ ಹೊಸ್ತಿಲಲ್ಲಿದ್ದವರು, ವರ್ಷಾನುಗಟ್ಟಲೆ ಹಿಂಬಾಲಿಸಿ 2012ರಲ್ಲಿ ಫಲಿತಾಂಶ ಹೊರಗಿಟ್ಟರು. ವೈರಸ್ ಹೋದವರಲ್ಲಿ ಹತ್ತು ವರ್ಷದೊಳಗೆ ಸತ್ತವರು ಶೇಕಡಾ 8.9, ಹೋಗದವರಲ್ಲಿ 26. ಲಿವರ್ ಸೋತವರು ಒಂದು ಕಡೆ 2.1, ಇನ್ನೊಂದು ಕಡೆ 29.9. ಲಿವರ್ ಕ್ಯಾನ್ಸರ್ 5.1ಕ್ಕೆ ಎದುರಾಗಿ 21.8. ಹೊಸ ಮಾತ್ರೆಗಳ ಕಾಲದಲ್ಲಿ ಫ್ರಾನ್ಸಿನಲ್ಲಿ ಸುಮಾರು ಹತ್ತು ಸಾವಿರ ಜನರನ್ನು ನೋಡಿದ ಅಧ್ಯಯನ 2019ರಲ್ಲಿ ಬಂತು. ಮಾತ್ರೆ ತೆಗೆದುಕೊಂಡವರಲ್ಲಿ ಸಾವಿನ ಅಪಾಯ ಅರ್ಧಕ್ಕಿಳಿದಿತ್ತು, ಕ್ಯಾನ್ಸರಿನದು ಮೂರರಲ್ಲೊಂದು ಪಾಲು ಕಡಿಮೆ.

ಈ ಅಂಕಿಗಳನ್ನು ಒಂದಕ್ಕೊಂದು ಪಕ್ಕದಲ್ಲಿಟ್ಟು ನೋಡಿ. ಲಿವರ್ ಸೋಲುವ ಅಪಾಯ ಸುಮಾರು ಹದಿನಾಲ್ಕರಲ್ಲಿ ಒಂದು ಪಾಲಿಗೆ ಬಂತು. ಕ್ಯಾನ್ಸರ್ ಹಾಗೆ ಇಳಿಯಲಿಲ್ಲ, ನಾಲ್ಕರಲ್ಲಿ ಒಂದು ಪಾಲಿಗೆ ಬಂದು ನಿಂತಿತು. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ 22,500 ರೋಗಿಗಳ ಲೆಕ್ಕವೂ ಇದನ್ನೇ ಹೇಳುತ್ತದೆ: ವೈರಸ್ ಹೋದ ಮೇಲೂ, ಸಿರೋಸಿಸ್ ಇದ್ದವರಲ್ಲಿ ವರ್ಷಕ್ಕೆ ನೂರಕ್ಕೆ 1.8ರಷ್ಟು ಹೊಸ ಕ್ಯಾನ್ಸರ್; ಸಿರೋಸಿಸ್ ಇಲ್ಲದವರಲ್ಲಿ 0.34. ವರ್ಷಕ್ಕೆ ನೂರರಲ್ಲಿ ಇಬ್ಬರು ಎಂದರೆ ಸಣ್ಣ ಸಂಖ್ಯೆ ಅನ್ನಿಸಬಹುದು. ಅದು ಪ್ರತಿ ವರ್ಷವೂ ಬರುವ ಸಂಖ್ಯೆ.

ಯಾಕೆ ಹೀಗೆ? ತೋಟಕ್ಕೆ ಕೊಳೆರೋಗ ಬಂತು, ಮದ್ದು ಸಿಂಪಡಿಸಿದಿರಿ, ರೋಗ ನಿಂತಿತು. ಅಷ್ಟರಲ್ಲಿ ಸುಳಿ ಕೊಳೆತ ಮರ ಇತ್ತಲ್ಲ, ಅದಕ್ಕೆ ಮದ್ದು ತಲುಪಲಿಲ್ಲ. ಇಪ್ಪತ್ತು ವರ್ಷ ಉರಿದು, ಮಾಗಿ, ಮತ್ತೆ ಉರಿದ ಲಿವರಿನ ಕೆಲವು ಜೀವಕೋಶಗಳು ಕ್ಯಾನ್ಸರಿನ ದಾರಿಯಲ್ಲಿ ಒಂದೆರಡು ಹೆಜ್ಜೆ ಇಟ್ಟಾಗಿರುತ್ತದೆ. ವೈರಸ್ ಹೋದರೂ ಆ ಹೆಜ್ಜೆ ಹಿಂದೆ ಬರುವುದಿಲ್ಲ. 2016ರಲ್ಲಿ ಹೊಸ ಮಾತ್ರೆಗಳೇ ಕ್ಯಾನ್ಸರ್ ತರುತ್ತವೆ ಎಂಬ ಭಯ ಹುಟ್ಟಿತ್ತು. ಕ್ಯಾನ್ಸರಿಗೆ ಚಿಕಿತ್ಸೆಯಾಗಿದ್ದ 58 ಜನರಲ್ಲಿ 16 ಮಂದಿಗೆ ಬೇಗ ಮರುಕಳಿಸಿದ್ದು ವರದಿಯಾದದ್ದೇ ಕಾರಣ. ಆಮೇಲಿನ ದೊಡ್ಡ ಅಧ್ಯಯನಗಳಲ್ಲಿ ಅದು ನಿಲ್ಲಲಿಲ್ಲ. ಆ ಭಯದಿಂದ ಈಗಲೂ ಮದ್ದು ಬೇಡವೆನ್ನುವವರಿದ್ದರೆ, ಬೇಡ ಎನ್ನುವುದೇ ಅಪಾಯ.

ಗಟ್ಟಿಯಾದ ಲಿವರ್ ಮೆತ್ತಗಾಗುತ್ತದೆಯೇ? ಭಾಗಶಃ ಆಗುತ್ತದೆ. ಇಟಲಿಯಲ್ಲಿ ವೈರಸ್ ಹೋದ ಐದು ವರ್ಷದ ಮೇಲೆ 38 ಜನರ ಲಿವರ್ ಚೂರು ತೆಗೆದು ನೋಡಿದಾಗ 23 ಮಂದಿಯಲ್ಲಿ ಸಿರೋಸಿಸ್ ಹಿಂದೆ ಸರಿದಿತ್ತು. ಹಾಗೆಂದು ಒಳಗಿನ ಒತ್ತಡ ಕೂಡಲೇ ಇಳಿಯುವುದಿಲ್ಲ. ತೋಟದ ಕಣಿ ಕಟ್ಟಿಕೊಂಡರೆ ನೀರು ಬದಿಯಲ್ಲಿ ದಾರಿ ಮಾಡಿಕೊಳ್ಳುವಂತೆ, ಕರುಳಿನಿಂದ ಲಿವರಿಗೆ ಬರುವ ರಕ್ತ ಅಡ್ಡಿಯಾದರೆ ಅನ್ನನಾಳದ ಸಣ್ಣ ರಕ್ತನಾಳಗಳಲ್ಲಿ ನುಗ್ಗಿ ಅವನ್ನು ಉಬ್ಬಿಸುತ್ತದೆ. ಒಡೆದರೆ ರಕ್ತವಾಂತಿ. ಈ ಒತ್ತಡ ಅಪಾಯದ ಮಟ್ಟದಲ್ಲಿದ್ದವರನ್ನು ಸ್ಪೇನಿನ ಆಸ್ಪತ್ರೆಗಳಲ್ಲಿ ನಾಳದೊಳಗೇ ಅಳೆದರು. ಮದ್ದು ಮುಗಿದು ಆರು ತಿಂಗಳಾದಾಗ ಶೇಕಡಾ 78 ಜನರಲ್ಲಿ ಅದು ಹಾಗೇ ಇತ್ತು. ಸುಮಾರು ಎರಡು ವರ್ಷದ ಮೇಲೆ 53ಕ್ಕೆ ಇಳಿಯಿತು. ಈ ಒತ್ತಡ ಇಳಿಸಲು ಕಾರ್ವೆಡಿಲಾಲ್ ಅಥವಾ ಪ್ರೊಪ್ರನಲಾಲ್ ತೆಗೆದುಕೊಳ್ಳುತ್ತಿರುವವರು 'ವೈರಸ್ ಹೋಯಿತು' ಎಂದು ತಾವೇ ನಿಲ್ಲಿಸಬಾರದು ಎನ್ನುವುದು ಇದಕ್ಕೇ. ಒಂದೆರಡು ವರ್ಷ ಕಳೆದು ಫೈಬ್ರೊಸ್ಕ್ಯಾನ್ 25ಕ್ಕಿಂತ ಕೆಳಗಿದ್ದು, ಎಂಡೋಸ್ಕೊಪಿಯಲ್ಲಿ ಉಬ್ಬಿದ ನಾಳಗಳು ಕಾಣದಿದ್ದರೆ ವೈದ್ಯರೇ ನಿಲ್ಲಿಸುತ್ತಾರೆ.

ಹೊಟ್ಟೆನೀರು, ಮಂಪರು ಬಂದಾದ ಮೇಲೆ ಮದ್ದು ಪಡೆದವರ ದಾರಿ ಬೇರೆ. ಕೆಲವರಲ್ಲಿ ಲಿವರ್ ತಯಾರಿಸುವ ಆಲ್ಬುಮಿನ್ ಎಂಬ ಪ್ರೋಟೀನ್ ಏರುತ್ತದೆ, ನೀರು ಬತ್ತುತ್ತದೆ. ಯುರೋಪಿನಲ್ಲಿ ಲಿವರ್ ಕಸಿಯ ಸರದಿಯಲ್ಲಿದ್ದ 103 ಜನರಿಗೆ ಮಾತ್ರೆ ಕೊಟ್ಟಾಗ ಸುಮಾರು ಐದರಲ್ಲೊಬ್ಬರು ಸುಧಾರಿಸಿ ಪಟ್ಟಿಯಿಂದಲೇ ಹೊರಬಂದರು. ಉಳಿದ ನಾಲ್ವರ ಬಗ್ಗೆಯೂ ಯೋಚಿಸಬೇಕಲ್ಲ. ವೈರಸ್ ಹೋಗಿಯೂ ಲಿವರ್ ಚೇತರಿಸದೆ, ಆದರೆ ಸರದಿಯಲ್ಲಿ ಮೇಲೆ ಬರುವಷ್ಟೂ ಕೆಡದೆ, ನಡುವೆ ಸಿಕ್ಕಿಕೊಳ್ಳುವವರಿದ್ದಾರೆ. ಆದ್ದರಿಂದ ಲಿವರ್ ಎಷ್ಟು ಕೆಟ್ಟಿದೆ ಎಂದು ಹೇಳುವ ಮೆಲ್ಡ್ ಅಂಕ 20 ಮೀರಿ, ಕಸಿ ಆರು ತಿಂಗಳೊಳಗೆ ಸಿಗುವ ಹಾಗಿದ್ದರೆ ಮೊದಲು ಕಸಿ, ಆಮೇಲೆ ವೈರಸ್ಸಿಗೆ ಮದ್ದು ಎನ್ನುವುದು ತಜ್ಞರ ರೂಢಿ.

ಈಗ ಕ್ಯಾನ್ಸರನ್ನು ಬೇಗ ಹಿಡಿಯಲು ಮಾಡಿಸುವ ಆರು ತಿಂಗಳ ಸ್ಕ್ಯಾನಿಂಗ್‌ಗೆ ಬಂದೆ. ಹೊಟ್ಟೆಯ ಅಲ್ಟ್ರಾಸೌಂಡ್, ಜೊತೆಗೆ ಎಎಫ್‌ಪಿ (ಲಿವರ್ ಕ್ಯಾನ್ಸರಿನಲ್ಲಿ ಏರಬಲ್ಲ ಒಂದು ಪ್ರೋಟೀನ್) ರಕ್ತಪರೀಕ್ಷೆ, ಆರು ತಿಂಗಳಿಗೊಮ್ಮೆ. ವರ್ಷಕ್ಕೊಮ್ಮೆ ಸಾಲದೇ? ಲಿವರಿನ ಗಂಟು ಸಾಮಾನ್ಯವಾಗಿ ನಾಲ್ಕಾರು ತಿಂಗಳಲ್ಲಿ ಇಮ್ಮಡಿಯಾಗುತ್ತದೆ, ವರ್ಷ ಬಿಟ್ಟರೆ ಕೈತಪ್ಪುತ್ತದೆ. ಸ್ಕ್ಯಾನಿಂಗ್ ಚೀಟಿಯಲ್ಲಿ 'ಸಿರೋಸಿಸ್, ಕ್ಯಾನ್ಸರ್ ನಿಗಾ' ಎಂದು ಬರೆಸಿಕೊಳ್ಳಿ. 'ಹೊಟ್ಟೆನೋವು' ಎಂದಿದ್ದರೆ ನೋಡುವವರ ಕಣ್ಣು ಕಲ್ಲು ಹುಡುಕುತ್ತದೆ. ಖಾಲಿ ಹೊಟ್ಟೆಯಲ್ಲಿ ಹೋಗಿ, ಹಳೆಯ ರಿಪೋರ್ಟು ಒಯ್ಯಿರಿ. ಒಂದು ಸೆಂಟಿಮೀಟರಿಗಿಂತ ಸಣ್ಣ ಚುಕ್ಕೆ ಕಂಡರೆ ಮೂರು ತಿಂಗಳಲ್ಲಿ ಪುನಃ ನೋಡುತ್ತಾರೆ. ಒಂದು ಸೆಂಟಿಮೀಟರು ದಾಟಿದ್ದರೆ, ಇಲ್ಲವೇ ಎಎಫ್‌ಪಿ 20 ಮೀರಿದ್ದರೆ, ಮೂರು ಹಂತದ ಸಿಟಿ ಸ್ಕ್ಯಾನ್ ಬೇಕು. ವೈರಸ್ ಇದ್ದಾಗ ಉರಿಯೂತದಿಂದಲೇ ಎಎಫ್‌ಪಿ ಏರುತ್ತಿತ್ತು. ವೈರಸ್ ಹೋದ ಮೇಲೆ ಏರಿದರೆ ಅದಕ್ಕೆ ತೂಕ ಹೆಚ್ಚು. ಗಂಟು ಒಂದೇ ಇದ್ದು 5 ಸೆಂಟಿಮೀಟರಿನೊಳಗೆ, ಅಥವಾ ಮೂರರವರೆಗೆ ಇದ್ದು ಪ್ರತಿಯೊಂದೂ 3ರೊಳಗೆ ಇದ್ದರೆ ಕಸಿಯ ದಾರಿಯೂ ತೆರೆದಿರುತ್ತದೆ. ಸಣ್ಣದಿದ್ದಾಗ ಸೂಜಿಯಿಂದ ಸುಡುವುದಕ್ಕೂ ಆಗುತ್ತದೆ. ನೋವು ಬಂದ ಮೇಲೆ ಸಿಕ್ಕಿದ ಗಂಟಿಗೆ ಹೆಚ್ಚಾಗಿ ಈ ಯಾವುದೂ ಉಳಿದಿರುವುದಿಲ್ಲ.

ಊಟದ ಬಗ್ಗೆ ನಮ್ಮಲ್ಲಿ ಪಥ್ಯದ ಹೆಸರಲ್ಲಿ ನಡೆಯುವುದು ಹೆಚ್ಚಾಗಿ ತಲೆಕೆಳಗು. ಗಂಜಿ, ಉಪ್ಪಿನಕಾಯಿ, ಬೇಳೆ ಬೇಡ, ಮೊಟ್ಟೆ ಬೇಡ, ಮೀನು ಬೇಡ. ಸಿರೋಸಿಸ್ ಆದವರಿಗೆ ತೂಕದ ಪ್ರತಿ ಕಿಲೋಗೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು, 60 ಕಿಲೋ ಇದ್ದವರಿಗೆ 72ರಿಂದ 90 ಗ್ರಾಂ. ಬರೀ ಗಂಜಿಯಲ್ಲಿ ಸ್ನಾಯು ಕರಗುತ್ತದೆ. ಒಂದು ರಾತ್ರಿಯ ಉಪವಾಸವೇ ಇವರಿಗೆ ಆರೋಗ್ಯವಂತರ ಎರಡು ಮೂರು ದಿನದ ಉಪವಾಸಕ್ಕೆ ಸಮ, ಲಿವರಿನಲ್ಲಿ ಸಕ್ಕರೆಯ ದಾಸ್ತಾನು ಇಲ್ಲದ್ದರಿಂದ. ಮಲಗುವ ಮುಂಚೆ ರಾಗಿ ಮಣ್ಣಿಯೋ ಹಾಲು-ಬಾಳೆಹಣ್ಣೋ ಬೇಕೇ ಬೇಕು. ಏಕಾದಶಿ ಉಪವಾಸ ಇವರಿಗಲ್ಲ. ಹೊಟ್ಟೆನೀರು ಇದ್ದವರು ದಿನಕ್ಕೆ ಉಪ್ಪು 5 ಗ್ರಾಂ ದಾಟಬಾರದು, ಅಂದರೆ ಎಲ್ಲ ಸೇರಿ ಒಂದು ಮಟ್ಟ ಚಹಾ ಚಮಚೆ. ಉಪ್ಪಿನಕಾಯಿ, ಹಪ್ಪಳ, ಒಣಮೀನು, ಉಪ್ಪಿನಲ್ಲಿಟ್ಟ ಹಲಸಿನ ಸೊಳೆ ಇವೆಲ್ಲ ಹಾಗಾದರೆ ಆಚೆಗೆ. ಮರುವಾಯಿ (ಚಿಪ್ಪುಮೀನು) ಸರಿಯಾಗಿ ಬೇಯಿಸದೆ ತಿನ್ನಬೇಡಿ, ಕಾಲಲ್ಲಿ ಗಾಯವಿದ್ದಾಗ ಅಳಿವೆಯ ನೀರಿಗೆ ಇಳಿಯಬೇಡಿ. ಉಪ್ಪುನೀರಿನ ವಿಬ್ರಿಯೊ ರೋಗಾಣು ಸಿರೋಸಿಸ್ ಆದವರನ್ನು ಒಂದೆರಡು ದಿನದಲ್ಲಿ ಕೊಲ್ಲಬಲ್ಲದು. ಕುಡಿತ ಪೂರ್ತಿ ಬಿಡಬೇಕು, 'ಕಳ್ಳು ಮಾತ್ರ' ಎಂಬ ರಿಯಾಯಿತಿ ಇಲ್ಲ. ಅಡಿಕೆಯ ನಾಡಲ್ಲಿ ನಿಂತು ಹೇಳಲು ಕಷ್ಟವಾದರೂ ಹೇಳಬೇಕು: ತೈವಾನಿನ ಅಧ್ಯಯನಗಳು ಎಲೆಯಡಿಕೆ ಜಗಿಯುವವರಲ್ಲಿ ಲಿವರ್ ಕ್ಯಾನ್ಸರ್ ಹೆಚ್ಚೆಂದು ಕಂಡಿವೆ. ಬೆಳೆಯಿರಿ, ಸಿರೋಸಿಸ್ ಇದ್ದವರು ಜಗಿಯಬೇಡಿ.

ಸಭಿಕರ ಪ್ರಶ್ನೆಗಳು

ಗಲ್ಫ್ ವೀಸಾದ ಮೆಡಿಕಲ್ ಪರೀಕ್ಷೆಯಲ್ಲಿ ಹೆಪಟೈಟಿಸ್ ಸಿ ಪಾಸಿಟಿವ್ ಎಂದು ಬಂದಿದೆ. ಮದ್ದು ಮುಗಿಸಿ ಆರು ತಿಂಗಳಾಯಿತು. ಮದ್ದು ಹಿಡಿಯಲಿಲ್ಲವೇ?

ಅಲ್ಲಿ ನೋಡುವುದು ಆಂಟಿಬಾಡಿ. ಅದು ಸೋಂಕು ಬಂದು ಹೋದುದರ ಗುರುತು, ಗುಣವಾದ ಮೇಲೂ ಸಾಮಾನ್ಯವಾಗಿ ಜೀವನಪರ್ಯಂತ ಇರುತ್ತದೆ. ವೈರಸ್ ಇದೆಯೇ ಎಂದು ತಿಳಿಯಬೇಕಾದರೆ ಆರ್‌ಎನ್‌ಎ ಪರೀಕ್ಷೆಯೇ ಆಗಬೇಕು. ವೀಸಾದವರು ಒಪ್ಪುತ್ತಾರೋ ಇಲ್ಲವೋ ಅದು ಅವರ ನಿಯಮ. ನಿಮ್ಮ ಲಿವರಿಗೆ ಸಂಬಂಧಿಸಿದ್ದಲ್ಲ. ಇನ್ನೊಮ್ಮೆ ಮದ್ದು ತೆಗೆದುಕೊಂಡರೂ ಆಂಟಿಬಾಡಿ ಹೋಗುವುದಿಲ್ಲ, ಆ ಖರ್ಚಿಗೆ ಇಳಿಯಬೇಡಿ. ಆದರೆ ಆಂಟಿಬಾಡಿ ಇದ್ದ ಮಾತ್ರಕ್ಕೆ ರಕ್ಷಣೆಯೂ ಇಲ್ಲ, ಸೂಜಿ ಹಂಚಿಕೊಂಡರೆ ಸೋಂಕು ಪುನಃ ಬರುತ್ತದೆ.

ಲಿವರಿಗೆ ಒಳ್ಳೆಯದೆಂದು ನೆಲನೆಲ್ಲಿ ಕಷಾಯ, ಅಮೃತಬಳ್ಳಿ ಮುಂದುವರಿಸಬಹುದೇ?

ಅಮೃತಬಳ್ಳಿಯಿಂದ ಲಿವರ್ ಉರಿಯೂತವಾದ ಪ್ರಕರಣಗಳು 2021ರಲ್ಲಿ ಮುಂಬೈಯಿಂದ ವರದಿಯಾಗಿವೆ. ಆರೋಗ್ಯವಂತ ಲಿವರ್ ತಡೆದುಕೊಳ್ಳುವ ಪೆಟ್ಟನ್ನು ಸಿರೋಸಿಸ್ ಲಿವರ್ ತಡೆಯದು. ನೆಲನೆಲ್ಲಿ ಸಿ ವೈರಸ್ಸನ್ನು ಕಳೆಯುತ್ತದೆ ಎಂಬುದಕ್ಕೆ ಆಧಾರವಿಲ್ಲ. ಎರಡೂ ಬೇಡ. ಮೈಕೈ ನೋವಿಗೆ ಡೈಕ್ಲೊಫೆನಾಕ್, ಐಬುಪ್ರೊಫೆನ್ ಕೂಡ ಬೇಡ. ಕಿಡ್ನಿ ಕೆಡುತ್ತದೆ, ರಕ್ತಸ್ರಾವವಾಗುತ್ತದೆ. ಪ್ಯಾರಾಸಿಟಮಾಲ್ 500ರದ್ದು ದಿನಕ್ಕೆ ನಾಲ್ಕರವರೆಗೆ ಆಗಬಹುದು. ಹೆಪಟೈಟಿಸ್ ಎ, ಬಿ ಲಸಿಕೆ ಹಾಕಿಸಿಕೊಳ್ಳಿ, ಕಷಾಯಕ್ಕಿಂತ ಉಪಯೋಗ.

ಮದ್ದಿನ ಮೊದಲು ಫೈಬ್ರೊಸ್ಕ್ಯಾನ್ 18 ಇತ್ತು, ಈಗ 9. ಸಿರೋಸಿಸ್ ಹೋಯಿತಲ್ಲ, ಇನ್ನು ಸ್ಕ್ಯಾನಿಂಗ್ ಯಾಕೆ?

ಮೊದಲ ವರ್ಷದಲ್ಲಿ ಈ ಅಂಕಿ ಇಳಿಯುವುದು ಹೆಚ್ಚಾಗಿ ಉರಿಯೂತ ತಗ್ಗಿದ್ದರಿಂದ. ಊದಿಕೊಂಡ ಲಿವರ್ ಕೂಡ ಗಟ್ಟಿಯಾಗಿಯೇ ತೋರುತ್ತದೆ. ಫಿಬ್-4 ಕೂಡ ಹಾಗೆ. ಎಎಸ್‌ಟಿ ಇಳಿದರೆ ಲೆಕ್ಕ ಇಳಿಯುತ್ತದೆ, ಗಾಯದ ಗುರುತು ಇದ್ದಲ್ಲೇ ಇರಬಹುದು. ಫೈಬ್ರೊಸ್ಕ್ಯಾನ್ 12ಕ್ಕಿಂತ ಕೆಳಗೆ ನಿಂತು, ಪ್ಲೇಟ್‌ಲೆಟ್ ಒಂದೂವರೆ ಲಕ್ಷ ದಾಟಿ, ಕುಡಿತ-ಬೊಜ್ಜು ಇಲ್ಲದಿದ್ದರೆ ಎಂಡೋಸ್ಕೊಪಿ ಬಿಡಬಹುದು. ಸ್ಕ್ಯಾನಿಂಗ್ ಬಿಡುವಂತಿಲ್ಲ. ಅದನ್ನು ತೀರ್ಮಾನಿಸುವುದು ಮದ್ದಿಗೆ ಮೊದಲಿನ 18, ಈಗಿನ 9 ಅಲ್ಲ. ಹತ್ತು ವರ್ಷದ ನಂತರ ಹೊಸ ವೈದ್ಯರ ಮುಂದೆ ಕೂತಾಗ ಅವರಿಗೆ ಕಾಣುವುದು 9 ಮಾತ್ರ. ಆ 18 ಫೈಲಿನ ಮೊದಲ ಪುಟದಲ್ಲಿ ಇರಲಿ ಎಂದದ್ದು ಇದಕ್ಕೆ. ಮಲಯಾಳದಲ್ಲಿ ಬರೆದದ್ದಾದರೂ ಸರಿ, ಕನ್ನಡದಲ್ಲಾದರೂ ಸರಿ, ಅಂಕಿ ಎಲ್ಲರಿಗೂ ಓದಲು ಬರುತ್ತದೆ.